ತಿಬ್ಬಮ್ಮನ ಪಾದದ ನೋವು

ನನ್ನ ಗಂಡ ಮರಿಯಣ್ಣ ಬೇರೆ ಹೆಂಗಸಿನ ನೋವನ್ನು ಮನೆಗೆ ತಂದದ್ದು ಭತ್ತದ ಕೊಯ್ಲು ಮುಗಿದು ಹೊಳೆಯ ನೀರು ತಿಳಿಯಾಗುವ ಕಾಲದಲ್ಲಿ. ತಂದವನು ಜಗಲಿಯ ಮೇಲೆ ಕೂತು, ಬಲಗಾಲನ್ನು ಮೆಲ್ಲಗೆ ಮಣೆಯ ಮೇಲೆ ಚಾಚಿ, “ಒಸಿ ಬಿಸಿನೀರು ಕಾಯ್ಸು ದ್ಯಾವಿ” ಅಂದ. ಕಾಯಿಸಿದೆ. ಕಾಯಿಸದೆ ಏನು ಮಾಡಲಿ, ಊರ ನ್ಯಾಯದ ಕಟ್ಟೆಯ ತೀರ್ಮಾನ ಆಗಿಹೋಗಿತ್ತು. ಆದರೆ ಆವತ್ತು ಆ ಹಂಡೆಯ ಕೆಳಗೆ ಉರಿದದ್ದು ಸೌದೆಯೊಂದೇ ಅಲ್ಲ.

ನಮ್ಮೂರಿನ ಈ ದಡದಲ್ಲಿ ಮನೆಗಳು, ಆ ದಡದಲ್ಲಿ ಸಂತೆಮಾಳ. ನಡುವೆ ಹೊಳೆ. ಮರಿಯಣ್ಣನ ಅಪ್ಪ, ಅಜ್ಜ ಎಲ್ಲರೂ ದೋಣಿ ಹಾಕಿ ಬದುಕಿದವರೇ. ಹೊಳೆ ದಾಟುವಾಗ ನಮ್ಮ ಜನ ದೋಣಿಯ ಅಂಚಿನ ಮೇಲೆ ಕೂತು ಒಂದು ಕಾಲನ್ನಾದರೂ ನೀರಿಗೆ ಇಳಿಬಿಡುತ್ತಾರೆ. ಕಾಲು ತೋರಿಸದೆ ದಾಟಿದರೆ ಹೊಳೆಗೆ ನಮ್ಮ ಗುರುತು ಮರೆತುಹೋಗುತ್ತದೆ ಎಂದು ಹಿರಿಯರ ಮಾತು. ಹೀಗಾಗಿ ಅಂಬಿಗನಿಗೆ ಹುಟ್ಟು ಹಾಕುವುದಕ್ಕಿಂತ ದೊಡ್ಡ ಕೆಲಸ ಒಂದಿದೆ. ದೋಣಿ ಕಡವಿನ ಕಲ್ಲುಮೆಟ್ಟಿಲನ್ನು ಮುಟ್ಟುವ ಮುಂಚೆ ಅವನು “ಕಾಲ್ ಒಳಗೇ” ಎಂದು ಕೂಗಬೇಕು. ಕೂಗಿದ ಮೇಲೂ ಕಾಲು ಎಳೆದುಕೊಳ್ಳದವನಿಗೆ ಏಟಾದರೆ ಅದು ಅವನ ಹಣೆಬರಹ. ಕೂಗದೆ ಏಟಾದರೆ ಅಂಬಿಗನ ತಲೆಗೆ.

ಆ ಸಂತೆಯ ದಿನ ಮರಿಯಣ್ಣ ಕೂಗಲಿಲ್ಲ. ದೋಣಿಯ ಅಂಚಿಗೂ ಮೆಟ್ಟಿಲಿಗೂ ನಡುವೆ ತಿಬ್ಬಮ್ಮನ ಬಲಪಾದ ಸಿಕ್ಕಿಕೊಂಡಿತು.

ತಿಬ್ಬಮ್ಮ ಮೇಲಿನ ಬೀದಿಯಲ್ಲಿ ಪುರಿ ಹುರಿಯುವವಳು. ಗಂಡ ತೀರಿಕೊಂಡಿದ್ದ. ಕಿವಿ ಕೇಳದ ಅತ್ತೆಯೊಬ್ಬಳನ್ನು ಇಟ್ಟುಕೊಂಡು, ಕಾದ ಮರಳಿನ ಬಾಣಲೆಯ ಮುಂದೆ ದಿನವೆಲ್ಲ ನಿಂತು ಪುರಿ ಹುರಿದು, ಸಂತೆಯ ದಿನ ಮೂಟೆ ಹೊತ್ತು ಆಚೆ ದಡಕ್ಕೆ ಹೋಗುತ್ತಿದ್ದಳು. ಚೆಲುವೆಯೇನಲ್ಲ. ಮುಖವೆಲ್ಲ ಬೆಂಕಿಯ ಕಾವಿಗೆ ಇಟ್ಟಿಗೆಯ ಬಣ್ಣ ತಿರುಗಿತ್ತು, ಹುಬ್ಬು ಅರ್ಧ ಸುಟ್ಟಿತ್ತು. ಇದನ್ನು ನಾನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡೆನೋ.

ಕಟ್ಟೆ ಸೇರಿದ ದಿನ ಅವಳನ್ನು ಮಂಚದ ಸಮೇತ ಹೊತ್ತು ತಂದು ಹುಣಿಸೆಮರದ ನೆರಳಲ್ಲಿ ಇಳಿಸಿದರು. ಪಾದಕ್ಕೆ ಬಿದಿರಿನ ದಬ್ಬೆ ಕಟ್ಟಿತ್ತು. ಕಲ್ಲಿನ ಮೇಲೆ ಕಟ್ಟೆಗೌಡರು ಕೂತಿದ್ದರು. ಕೆಳಗೆ ಎಲೆಅಡಿಕೆಯ ಚೀಲ ಬಿಚ್ಚಿಕೊಂಡು ವಕೀಲ ಸಾಂಬಯ್ಯನವರು ಕೂತಿದ್ದರು. ಏಟು ಬಿದ್ದವರಿಗೆ ದಾರಿ ಹೇಳುವುದು ಅವರ ಕೆಲಸ.

“ನೋಡವ್ವ ತಿಬ್ಬಮ್ಮ,” ಅಂದರು ಸಾಂಬಯ್ಯನವರು. “ದೋಣೀಲಿ ಏಟು ಬಿದ್ದೋರಿಗೆ ಮೂರು ದಾರಿ. ಒಂದು, ದೋಣಿ ಕೇಳ್ಬೌದು. ನಿನ್ನ ಮೂಳೆ ಕೂಡೋಗಂಟ ದೋಣಿ ತಂದು ನಿನ್ನ ಬಾಗಲ ಮುಂದೆ ಬೋರಲು ಹಾಕ್ತಾರೆ. ಎರಡು, ಹೊಳೆ ಮ್ಯಾಲೆ ಹೊರಿಸ್ಬೌದು. ಆಗ ಯಾರ್ದೂ ತಪ್ಪಿಲ್ಲ. ನಿನ್ನ ನೋವು ನಿಂಗೆ, ಅವನ ದೋಣಿ ಅವನಿಗೆ. ಮೂರು, ನೋವು ಕೊಡ್ಬೌದು. ಮೂಳೆ ನಿನ್ನ ಕಾಲಲ್ಲೇ ಕೂಡ್ತದೆ, ನೋವು ಮರಿಯಣ್ಣ ಹೊರ್ತಾನೆ. ಯೋಚ್ನೆ ಮಾಡಿ ಹೇಳು, ಅವಸರ ಇಲ್ಲ.”

ದೋಣಿ ಕೇಳಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ. ದೋಣಿ ಹೋದರೆ ಒಪ್ಪೊತ್ತು ಉಂಡುಕೊಂಡಿರಬಹುದು. ತಿಬ್ಬಮ್ಮ ಜನರ ನಡುವೆ ನನ್ನನ್ನು ಹುಡುಕಿ, ನನ್ನ ಮುಖ ನೋಡಿಕೊಂಡೇ ಅಂದಳು: “ದೋಣಿ ಬ್ಯಾಡ ಬುದ್ಧಿ. ಮಕ್ಕಳಿರೋ ಮನೆ. ಹೊಳೆ ಮ್ಯಾಲೆ ಹೊರಿಸಾನ ಅಂದ್ರೆ ನಾನು ಒಲೆ ಮುಂದೆ ನಿಂತ್ಕಬೇಕು, ನಮ್ಮತ್ತೇನ ನೋಡೋರಿಲ್ಲ. ನೋವೇ ಕೊಡ್ತೀನಿ.”

ಎಂಥ ದೊಡ್ಡ ಮನಸ್ಸು ಎಂದು ಜನ ತಲೆದೂಗಿದರು. ನಾನೂ ತೂಗಿದೆ, ತೂಗದಿದ್ದರೆ ಚೆನ್ನಾಗಿರುವುದಿಲ್ಲವಲ್ಲ.

ಅಲ್ಲಿಗೆ ಮುಗಿದಿದ್ದರೆ ಸರಿಹೋಗುತ್ತಿತ್ತು. ಕಟ್ಟೆಗೌಡರು ಸುಮ್ಮನಿರದೆ, “ಅಲ್ಲ ಕಣೋ ಮರಿಯಣ್ಣ, ಇಷ್ಟು ಕಾಲ ದೋಣಿ ಹಾಕಿದ್ದೀಯೆ, ಒಂದು ದಿನ ತಪ್ಪಿದೋನಲ್ಲ. ಯಾಕೆ ಕೂಗ್ಲಿಲ್ಲ?” ಎಂದು ಕೇಳಿದರು.

ಮರಿಯಣ್ಣ ಹೆಗಲ ಮೇಲಿನ ಟವಲು ಸರಿಮಾಡಿಕೊಂಡ. “ಆಯಮ್ಮ ಒಂದು ಕತೆ ಹೇಳ್ತಿತ್ತು ಬುದ್ಧಿ. ಕತೆ ಕೊನೆಗೆ ಬಂದಿತ್ತು. ನಡುವೆ ಬಾಯಿ ಹಾಕಕ್ಕೆ ಮನಸಾಗ್ಲಿಲ್ಲ.”

ಜನ ಗೊಳ್ಳೆಂದು ನಕ್ಕರು. ಮಂಚದ ಮೇಲಿದ್ದ ತಿಬ್ಬಮ್ಮ ಕೂಡ, ಅಷ್ಟು ನೋವಿನಲ್ಲೂ, ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡಳು. ನನ್ನ ಮಾತಿನ ನಡುವೆ ಬಾಯಿ ಹಾಕದೆ ಇದ್ದ ಒಂದು ದಿನ ನನಗೆ ನೆನಪಿಲ್ಲ. ನಾನು ತವರಿನ ಸುದ್ದಿ ಎತ್ತಿದರೆ “ಸಾರಿಗೆ ಏನು ಹಾಕಿದ್ದೀ” ಅನ್ನುತ್ತಾನೆ. ಮಗುವಿನ ಜ್ವರದ ಮಾತು ಅರ್ಧಕ್ಕೆ ಬಂದಾಗ ಎದ್ದು ಬೀಡಿ ಹುಡುಕುತ್ತಾನೆ. ಅಂಥವನಿಗೆ ಪುರಿ ಮಾರುವವಳ ಕತೆ ನಿಲ್ಲಿಸಲು ಮನಸ್ಸಾಗಲಿಲ್ಲವಂತೆ.

ಆಮೇಲೆ ಎಲ್ಲ ನಡೆಯುವಂತೆ ನಡೆಯಿತು. ಹೊಳೆಯ ನೀರು ತಂದು ತಾಮ್ರದ ಕೊಪ್ಪರಿಗೆಗೆ ಸುರಿದರು. ಅವಳ ಬಲಪಾದ, ಇವನ ಬಲಪಾದ ಒಂದೇ ನೀರಿನಲ್ಲಿ ಇಟ್ಟರು. ಕಟ್ಟೆಗೌಡರು, “ಇಲ್ಲಿಂದ ಇದು ನಿಂದು” ಅಂದರು. ತಿಬ್ಬಮ್ಮ ದಬ್ಬೆ ಕಟ್ಟಿದ ಕಾಲಿನಲ್ಲೇ ಎದ್ದು ನಿಂತಳು, ಮರಿಯಣ್ಣ ಹಲ್ಲು ಕಚ್ಚಿ ಕೂತ. ನಮ್ಮ ಮದುವೆಯಲ್ಲೂ ನಮ್ಮಿಬ್ಬರ ಕಾಲನ್ನು ಹೀಗೇ ಒಂದು ತಟ್ಟೆಯಲ್ಲಿಟ್ಟು ತೊಳೆದಿದ್ದರು. ಅದು ಹಿತ್ತಾಳೆಯ ತಟ್ಟೆ.

ನೋವು ಹೊರುವುದು ನಮ್ಮೂರಿನಲ್ಲಿ ಹೊಸದೇನಲ್ಲ. ಗಾಡಿ ಹೊಡೆಯುವವನೊಬ್ಬ ಒಂದು ಬೇಸಿಗೆಯೆಲ್ಲ ಪೂಜಾರಿಯ ಸೊಂಟದ ನೋವು ಹೊತ್ತಿದ್ದ. ಪೂಜಾರಿ ಬಗ್ಗಿ ಎದ್ದು ಮಂಗಳಾರತಿ ಮಾಡುವಾಗಲೆಲ್ಲ ಗಾಡಿಯವನು ಎತ್ತಿನ ಬಾಲ ಹಿಡಿದುಕೊಂಡು “ಶಿವನೇ” ಅನ್ನುತ್ತಿದ್ದ. ಊರಿನಲ್ಲಿ ಅವನಷ್ಟು ಭಕ್ತ ಇಲ್ಲ ಎಂದು ಜನ ನಗುತ್ತಿದ್ದರು. ಹಗೆಯಿದ್ದವರ ನೋವು ಹೊತ್ತರೆ ಕಷ್ಟ. ಕೊಟ್ಟವರು ಬೇಕೆಂದೇ ಗೋಡೆ ಹಾರುತ್ತಾರೆ, ಕಟ್ಟೆಯೂ ಬೇಡವೆನ್ನುವಂತಿಲ್ಲ, ಕಾಲು ಅವರದು. ಅಂಥ ಹೊರೆ ಹೊತ್ತವರಿಗೆ ನಿದ್ದೆಯಿಲ್ಲ.

ಮರಿಯಣ್ಣನಿಗೆ ನಿದ್ದೆ ಬರುತ್ತಿತ್ತು. ನನಗೆ ಮೊದಲು ಅನುಮಾನ ಬಂದದ್ದೇ ಅಲ್ಲಿ.

ದೋಣಿಯನ್ನು ಅವನ ತಮ್ಮ ನಡೆಸುತ್ತಿದ್ದ. ಇವನು ಜಗಲಿಯ ಮೇಲೆ ಬಲೆಯ ಹರುಕು ಹೊಲಿಯುತ್ತ ಕೂರುತ್ತಿದ್ದ. ಬೆಳಿಗ್ಗೆ ಗಂಜಿ ಕುಡಿಯುತ್ತ ಕುಡಿಯುತ್ತ, “ಎದ್ಲು” ಅನ್ನುತ್ತಿದ್ದ. ಯಾರು ಎಂದು ನಾನು ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ, “ಒಲೆ ಮುಂದೆ ನಿಂತ್ಲು.” ಮಧ್ಯಾಹ್ನ ಅನ್ನಕ್ಕೆ ಕೈ ಹಾಕಿದವನು ಹಾಗೇ ನಿಲ್ಲಿಸಿ, “ಇವತ್ತು ಮುದುಕಿಗೆ ನೀರು ಹಾಕ್ತಾವಳೆ ಅಂತ ಕಾಣ್ತದೆ, ಒಂದೇ ಕಡೆ ಬಗ್ಗಿ ನಿಂತವಳೆ.” ಅವನಿಗೆ ಇದರಲ್ಲಿ ಏನೂ ತಪ್ಪು ಕಾಣುತ್ತಿರಲಿಲ್ಲ. ಮೋಡ ನೋಡಿ ಮಳೆ ಬರುತ್ತದೆ ಅನ್ನುವವನ ಹಾಗೆ ಹೇಳುತ್ತಿದ್ದ.

ಒಂದು ದಿನ ತಡೆಯಲಾರದೆ ಕೇಳಿದೆ. “ನಾನು ಈಗ ಎಲ್ಲಿದ್ದೆ?”

“ಎಲ್ಲಿದ್ದೆ?”

“ನಿನ್ನೇ ಕೇಳ್ತಿರೋದು.”

ಅವನು ಸೂಜಿ ನಿಲ್ಲಿಸಿ ನನ್ನನ್ನು ನೋಡಿದ. “ಒಳಗೆ ಇದ್ದೆ.”

“ಹಿತ್ತಲಲ್ಲಿ ಸೌದೆ ಒಡೀತಿದ್ದೆ. ಕೈಗೆ ಸಿಬಿರು ಚುಚ್ಚಿ ರಕ್ತ ಬಂತು. ಮೂರು ಮಕ್ಕಳು ಹೆತ್ತೆ, ಮೂರು ಸಲವೂ ನೀನು ಹೊಳೆ ನಡುವೆ ಇದ್ದೆ. ಈಗ ಮೇಲಿನ ಬೀದಿಯೋಳು ಮಗ್ಗಲು ಬದಲಾಯ್ಸಿದ್ರೆ ನಿಂಗೆ ಗೊತ್ತಾಯ್ತದೆ.”

“ಅಯ್ಯೋ, ಇದು ನಾನು ಬೇಡಿ ತಂದ ನೋವಾ,” ಅಂದ ಅವನು. ಅನ್ನುತ್ತ ಅನ್ನುತ್ತಲೇ ಅವನ ಕಣ್ಣು ತನ್ನ ಪಾದದ ಕಡೆ ಹೋಯಿತು. “ಕೂತ್ಕಂಡ್ಲು ಅಂತ ಕಾಣ್ತದೆ,” ಎಂದು ಮೆಲ್ಲಗೆ ಸೇರಿಸಿದ.

ಮಾರನೆಯ ದಿನ ಎರಡು ಒಳ್ಳೆಯ ಬಾಳೆಮೀನು ಬುಟ್ಟಿಗೆ ಹಾಕಿಕೊಂಡು ಸಾಂಬಯ್ಯನವರ ಮನೆಗೆ ಹೋದೆ. ಅವರು ಹಜಾರದಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ಮೀನಿನ ಕಣ್ಣು ನೋಡಿ, ಕಿವಿರು ಎತ್ತಿ ನೋಡಿ, ಒಳಗೆ ಕೊಟ್ಟು ಬಂದು ಕೂತರು.

“ಏಟು ಬಿದ್ದೋರಿಗೆ ಮೂರು ದಾರಿ ಅಂದ್ರಲ್ಲ. ಹೊತ್ತೋರ ಮನೆಯೋರಿಗೆ ಏನೂ ದಾರಿ ಇಲ್ವಾ?” ಅಂದೆ.

“ಯಾಕವ್ವ? ಗಂಡ ನರಳ್ತಾನಾ?”

“ನರಳಲ್ಲ. ಅದಕ್ಕೇ ಬಂದೆ.”

ಸಾಂಬಯ್ಯನವರು ಅಡಕತ್ತರಿ ಕೆಳಗಿಟ್ಟರು. ಅವರಿಗೆ ಅರ್ಥವಾಯಿತೋ ಇಲ್ಲವೋ, ಮುಖದಲ್ಲಿ ತೋರಿಸಲಿಲ್ಲ. “ಐತೆ, ದಾರಿ ಇಲ್ದೆ ಏನು. ಆಯಮ್ಮಂದೇ ತಪ್ಪು, ಕೂಗಿದ್ಮ್ಯಾಲೂ ಕಾಲು ಎಳ್ಕಳ್ಳಲಿಲ್ಲ ಅಂತ ಸಾಕ್ಷಿ ತಂದ್ರೆ ಕಟ್ಟೆ ಇನ್ನೊಂದು ಸಲ ಸೇರ್ತದೆ. ನೋವು ವಾಪಸು ಹೋಯ್ತದೆ. ಆವತ್ತು ದೋಣೀಲಿ ಇನ್ಯಾರಿದ್ರು, ವಿಚಾರಿಸು.”

ಇದ್ದವನು ಕಂಬಳಿ ಮಾರುವ ಹಾಲಪ್ಪ. ಅವನ ಮನೆ ಹುಡುಕಿಕೊಂಡು ಹೋದೆ. ಅವನು ಅಂಗಳದಲ್ಲಿ ಉಣ್ಣೆ ಹಿಂಜುತ್ತಿದ್ದ. ವಿಷಯ ಕೇಳಿ ತಲೆ ಅಲ್ಲಾಡಿಸಿದ.

“ಕಾಲು ಆಚೆ ಇತ್ತವ್ವ, ಸುಳ್ಳು ಹೇಳಲ್ಲ. ನಂದೂ ಆಚೆನೇ ಇತ್ತು. ಆ ಬದಿ ಕೂತಿದ್ದೆ, ಬಚಾವಾದೆ. ಆದ್ರೆ ಕೂಗಿದ್ರೆ ತಾನೇ ಎಳ್ಕಳ್ಳೋದು? ನಿನ್ನ ಗಂಡ ಎಲ್ಲಿ ಕೂಗಿದ, ಹುಟ್ಟು ಮಡಿಲಲ್ಲಿ ಇಟ್ಕಂಡು ನಗ್ತಾ ಕೂತಿದ್ದ.”

“ನಗ್ತಿದ್ದನಾ?”

“ನಗ್ತಿದ್ದ ಅಂದ್ರೆ ಹೆಂಗೆ? ಕಣ್ಣಲ್ಲಿ ನೀರು. ನಾನು ಹುಟ್ಟಿದಾಗ್ಲಿಂದ ಮರಿಯಣ್ಣನ್ನ ನೋಡಿವ್ನಿ, ಹಲ್ಲು ಕಂಡಿದ್ದು ಆವತ್ತೇ.”

“ಏನು ಕತೆ ಅದು?”

“ನಾನು ಮೂತಿ ಕಡೆ ಕೂತಿದ್ದೆ, ಗಾಳಿಗೆ ಕೇಳಿಸ್ಲಿಲ್ಲ,” ಅಂದ ಹಾಲಪ್ಪ. “ಯಾವ್ದೋ ಹುಂಜನ ಕತೆ.”

ದಾರಿಯುದ್ದಕ್ಕೂ ಆ ಹುಂಜ ನನ್ನ ತಲೆಯಲ್ಲಿ ಕೆರೆಯುತ್ತ ಬಂತು. ಮನೆಗೆ ಹೋಗದೆ ನೇರ ಸಾಂಬಯ್ಯನವರಲ್ಲಿಗೆ ತಿರುಗಿದೆ. ಒಳಗಿನಿಂದ ನನ್ನ ಮೀನು ಹುರಿಯುವ ವಾಸನೆ ಬರುತ್ತಿತ್ತು.

“ಸಾಕ್ಷಿ ಇಲ್ಲ. ಬೇರೆ ದಾರಿ ಹೇಳಿ.”

“ಮೂಳೆ ಕೂಡೋಗಂಟ ಕಾಯೋದೊಂದು ದಾರಿ.”

“ಅದು ದಾರಿ ಅಲ್ಲ.”

ಅವರು ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚಿದರು. “ಇನ್ನೊಂದೈತೆ. ನಮ್ಮಪ್ಪನ ಕಾಲದಾಗೂ ಯಾರೂ ಕೇಳಿಲ್ಲ, ನಾನೂ ಯಾರಿಗೂ ಹೇಳಿಲ್ಲ. ಹೆಂಡ್ತೀನ ಅರ್ಧಾಂಗಿ ಅಂತ ಸುಮ್ನೆ ಕರೀಲಿಲ್ಲ ಹಿರೀಕರು. ಗಂಡ ಹೊತ್ತ ನೋವನ್ನ ಹೆಂಡ್ತಿ ಬೇಕು ಅಂದ್ರೆ ಕಟ್ಟೆ ಇಲ್ಲ ಅನ್ನಂಗಿಲ್ಲ. ಗಂಡನ್ನೂ ಕೇಳೋ ಹಂಗಿಲ್ಲ. ಆದ್ರೆ ಪೂರಾ ನೀನೇ ಹೊರ್ಬೇಕು ದ್ಯಾವಮ್ಮ. ಆಮ್ಯಾಲೆ ನಂಗ್ಯಾಕೆ ಬೇಕಿತ್ತು ಅಂದ್ರೆ ಅದಕ್ಕೆ ದಾರಿ ಇಲ್ಲ.”

“ಆ ತಿಬ್ಬಮ್ಮಂಗೆ ತಿಳಿಸ್ಬೇಕಾ?”

“ಯಾಕೆ ತಿಳಿಸ್ಬೇಕು? ಆಯಮ್ಮ ಕೊಟ್ಟಾಯ್ತು. ಕೊಟ್ಟ ಹೆಣ್ಣಿನ ಮ್ಯಾಲೆ ತವರಿಗೆ ಎಷ್ಟು ಹಕ್ಕೋ ಅಷ್ಟೇ.”

ಮತ್ತೆ ಕೊಪ್ಪರಿಗೆ ಬಂತು, ನೀರು ಬಂತು. ಕಟ್ಟೆಗೌಡರು, ಸಾಂಬಯ್ಯನವರು, ನಾವಿಬ್ಬರು, ಇಷ್ಟೇ ಜನ. ಮರಿಯಣ್ಣ ದಾರಿಯಲ್ಲೆಲ್ಲ, “ಬ್ಯಾಡ ಕಣೆ ದ್ಯಾವಿ, ಹೊಳೆನೀರು ಹೊತ್ತು ತರೋ ಕಾಲು ನಿಂದು, ನಾನಾದ್ರೆ ಕೂತಿರ್ತೀನಿ” ಎಂದು ಗೋಗರೆದಿದ್ದ. ನನ್ನ ಮೇಲಿನ ಕನಿಕರ ಎಂದು ಆ ಮಾತನ್ನು ಗಂಟು ಕಟ್ಟಿಕೊಳ್ಳಬೇಕು ಅನ್ನುವಷ್ಟರಲ್ಲಿ ಕೊಪ್ಪರಿಗೆಯಿಂದ ಅವನು ಕಾಲು ತೆಗೆದ. ತೆಗೆದು, ಒದ್ದೆ ಪಾದವನ್ನು ಅಲುಗಿಸಿ ನೋಡಿದ. ಬೆರಳು ಮಡಿಸಿದ, ಬಿಚ್ಚಿದ. ಅವನ ಮುಖದಲ್ಲಿ ಹಗುರವಾದ ಕಳೆಯಿರಲಿಲ್ಲ. ನೆಂಟರೆಲ್ಲ ಹೊರಟುಹೋದ ಮೇಲೆ ಖಾಲಿ ಚಪ್ಪರ ನೋಡುತ್ತ ನಿಂತವನ ಹಾಗಿದ್ದ. ಆ ಮುಖ ನೋಡಿ ನಾನು ಕಟ್ಟುತ್ತಿದ್ದ ಗಂಟು ಬಿಚ್ಚಿಹೋಯಿತು.

ನೋವು ಎಂದರೆ ಏನೆಂದು ಹೆತ್ತವಳಿಗೆ ಹೇಳಿಕೊಡಬೇಕಿಲ್ಲ. ಎಷ್ಟಾದರೂ ಬರಲಿ ಎಂದು ಸೊಂಟ ಕಟ್ಟಿಕೊಂಡೇ ಮಾರನೆಯ ಬೆಳಿಗ್ಗೆ ಹೊಸಲ ಮೇಲೆ ಕೂತೆ. ಬೀದಿಯಲ್ಲಿ ಹಾಲಿನವನು ಹೋದ ಸ್ವಲ್ಪ ಹೊತ್ತಿಗೆ ಅವಳು ಎದ್ದಳು. ಗೊತ್ತಾಯಿತು. ಮೊದಲು ಹಿಮ್ಮಡಿ, ಆಮೇಲೆ ಪಾದದ ಹೊರಅಂಚು, ಕೊನೆಗೆ ಬೆರಳು. ತುಂಬಿದ ಕೊಡವನ್ನು ತುಳುಕದಂತೆ ನೆಲಕ್ಕೆ ಇಳಿಸುತ್ತಾರಲ್ಲ, ಹಾಗೆ ಅವಳು ಕಾಲನ್ನು ಇಳಿಸಿದಳು. ನನಗೆ ಬಂದದ್ದು ಬೆಲ್ಲದ ಉಂಡೆಯಷ್ಟು ನೋವು. ಮತ್ತೆ ಒಂದು ಹೆಜ್ಜೆ. ಮತ್ತೆ ಅಷ್ಟೇ. ಒಲೆಯ ಮುಂದೆ ನಿಂತಾಗ ಭಾರವನ್ನೆಲ್ಲ ಎಡಗಾಲಿಗೆ ಹಾಕಿ ನಿಂತಳು. ಸ್ವಲ್ಪ ಹೊತ್ತಿಗೊಮ್ಮೆ ಪಾದವನ್ನು ಎತ್ತಿ ಏನೋ ಮೆತ್ತಗಿನದರ ಮೇಲೆ ಇಡುತ್ತಿದ್ದಳು, ಬಹುಶಃ ಪುರಿಯ ಮೂಟೆ.

ಕೂತಲ್ಲೇ ನನಗೆ ತಿಳಿಯಿತು. ಇವಳಿಗೆ ನೋವೇ ಇಲ್ಲ. ಬೇಕಾದರೆ ಓಡಬಹುದು, ಕುಣಿಯಬಹುದು, ಅವಳ ಕಾಲಿಗೆ ಅದು ತಿಳಿಯುವುದೇ ಇಲ್ಲ. ಆದರೂ ಗಾಜಿನ ಮೇಲೆ ನಡೆಯುವವಳಂತೆ ನಡೆಯುತ್ತಿದ್ದಾಳೆ. ಹೊತ್ತವನಿಗೆ ಆಯಾಸವಾಗಬಾರದೆಂದು, ನನ್ನ ಗಂಡ ನಿದ್ದೆ ಮಾಡಲೆಂದು.

ಗೋಡೆ ಹಾರಿದ್ದರೆ ತಾಳಿಕೊಳ್ಳುತ್ತಿದ್ದೆ. ಈ ಮೆತ್ತಗಿನ ಹೆಜ್ಜೆಯನ್ನು ಹೇಗೆ ತಾಳಲಿ? ನೋವು ಚಿಕ್ಕದಾದಷ್ಟೂ ನನ್ನ ಹೊಟ್ಟೆಯ ಉರಿ ದೊಡ್ಡದಾಯಿತು. ದಿನವಿಡೀ ಅವಳು ಅವನಿಗೆಂದು ಇಟ್ಟ ಒಂದೊಂದು ಹೆಜ್ಜೆಯೂ ನನ್ನ ಕಾಲಿಗೆ ಬಂದು ಬೀಳುತ್ತಿತ್ತು, ಬೇರೆಯವರ ಮನೆಗೆ ಬೀರಿದ ಎಳ್ಳುಬೆಲ್ಲ ನಮ್ಮ ಬಾಗಿಲಿಗೆ ಬಂದ ಹಾಗೆ. ಪಕ್ಕದ ಮನೆಯ ಮುದುಕಿ ಹಣಿಕಿ ಹಾಕಿ, “ಹೆಂಗೈತೆ ದ್ಯಾವಮ್ಮ ನೋವು, ತಡಕಂತೀಯಾ?” ಎಂದು ಕೇಳಿದರೆ, “ಸುಖವಾಗೈತೆ, ನೀನು ಹೋಗು” ಅನ್ನುತ್ತಿದ್ದೆ.

ಮರಿಯಣ್ಣ ದೋಣಿಗೆ ಮರಳಿದ. ಸಂಜೆ ಬಂದು ಕಾಲು ತೊಳೆದು ಪಕ್ಕದಲ್ಲಿ ಕೂರುತ್ತಿದ್ದ. ನನ್ನ ಬಲಪಾದ ನೋಡಿ, “ಏನ್ ಮಾಡ್ತಾವಳೆ ಈಗ?” ಅನ್ನುತ್ತಿದ್ದ.

“ಯಾರು?”

“ಆಯಮ್ಮ.”

“ನಂಗೇನು ಗೊತ್ತು,” ಅನ್ನುತ್ತಿದ್ದೆ. ಅವಳು ಆಗ ಅತ್ತೆಯ ತಲೆ ಬಾಚುತ್ತ ಕಾಲು ಮಡಿಸಿ ಕೂತಿರುವುದು ನನಗೆ ಚೆನ್ನಾಗಿ ಗೊತ್ತಿರುತ್ತಿತ್ತು.

ಸಂತೆಯ ದಿನ ಬಂತು. ಏಟು ಬಿದ್ದ ಮೇಲೆ ತಿಬ್ಬಮ್ಮ ಕಡವಿನ ಕಡೆ ಹೋಗಿರಲಿಲ್ಲ. ಆವತ್ತು ಮೂಟೆ ಹೊತ್ತು ಹೊರಟದ್ದು ನನಗೆ ತಿಳಿಯಿತು, ಹೆಜ್ಜೆಯಲ್ಲಿ ತೂಕ ಇತ್ತು. ಇಳಿಜಾರು ಇಳಿದಳು. ಕಡವಿನ ಮೆಟ್ಟಿಲು ಒಂದೊಂದಾಗಿ ಇಳಿದಳು, ಅಳೆದು, ತಡೆದು. ನಾನು ರಾಗಿ ಬೀಸುವುದನ್ನು ನಿಲ್ಲಿಸಿದೆ. ಈಗ ನೋಡುತ್ತಾಳೆ. ಅವನು ದೋಣಿಯಿಂದ ಮೆಟ್ಟಿಲಿಗೆ ನೆಗೆದು ಹಗ್ಗ ಕಟ್ಟುವುದನ್ನು ನೋಡುತ್ತಾಳೆ. ಕುಂಟದ ಕಾಲು ನೋಡಿ, ಹೊರೆ ಯಾರ ಮೇಲಿದೆ ಎಂದು ಕೇಳುತ್ತಾಳೆ, ಅವನು ಹೇಳುತ್ತಾನೆ.

ಕಾಲು ಅಲ್ಲೇ ನಿಂತಿತು. ಬಹಳ ಹೊತ್ತು ನಿಂತಿತು.

ಇನ್ನು ಬರುತ್ತದೆ ಎಂದು ಬೀಸುಕಲ್ಲಿನ ಗೂಟ ಹಿಡಿದುಕೊಂಡೆ. ನೆಲ ಒದೆಯುತ್ತಾಳೆ, ನನಗೆಂದು ಗೊತ್ತಾದ ಮೇಲೆ ಮೆತ್ತಗೆ ಯಾಕೆ ನಡೆದಾಳು? ಒದೆಯಲಿ ಎಂದು ಬಯಸಿದೆ. ಒದ್ದರೆ ನನ್ನ ಅನುಮಾನ ಗೆದ್ದ ಹಾಗೆ. ಕಟ್ಟೆಯಲ್ಲಿ ಅಲ್ಲದಿದ್ದರೂ ನನ್ನ ಮನಸ್ಸಿನಲ್ಲಿ ನಾನು ಗೆದ್ದ ಹಾಗೆ.

ಹೆಜ್ಜೆ ಶುರುವಾಯಿತು. ಮೆಟ್ಟಿಲು ಹತ್ತಿತು, ಇಳಿಯಲಿಲ್ಲ. ದೋಣಿ ಹತ್ತದೆ ತಿರುಗಿ ಹೊರಟಿದ್ದಳು. ಹಿಮ್ಮಡಿ, ಹೊರಅಂಚು, ಬೆರಳು. ಹಿಮ್ಮಡಿ, ಹೊರಅಂಚು, ಬೆರಳು. ಮೊದಲಿಗಿಂತ ನಿಧಾನ. ಆಮೇಲೆ ಬೀದಿಯಲ್ಲಿ ಸದ್ದು ಕೇಳಿಸಿತು, ಸದ್ದು ಮತ್ತು ನೋವು ಒಟ್ಟೊಟ್ಟಿಗೆ ಬರತೊಡಗಿದವು. ಎರಡೂ ಒಂದಾದಾಗ ತಿಬ್ಬಮ್ಮ ನಮ್ಮ ಬಾಗಿಲಲ್ಲಿದ್ದಳು.

“ಅಕ್ಕಯ್ಯ, ಕೂತ್ಕಳ್ಲಾ?” ಅಂದಳು.

“ಕೂತ್ಕೊ. ನಿಂತ್ರೆ ನಂಗೇ ಕಷ್ಟ.”

ಮೂಟೆ ಇಳಿಸಿ, ನನ್ನ ಮುಖ ನೋಡುತ್ತಲೇ, ಕಾಲನ್ನು ಮೆಲ್ಲಗೆ ಮಡಿಸಿ ಕೂತಳು. “ಯಾಕಕ್ಕಯ್ಯ ಹಿಂಗೆ ಮಾಡ್ದೆ? ಅಣ್ಣಯ್ಯ ಗಂಡಸು, ಹೊರ್ತಿದ್ರು. ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ? ಮೊನ್ನೆ ಸೌದೆ ಹಾರಿ ದಾಟ್ಬುಟ್ಟೆ. ನಿಂಗೆ ಎಷ್ಟು ನೋಯ್ತೋ.”

ಅಣ್ಣಯ್ಯ ಅಂದವರೆಲ್ಲ ತಂಗಿಯರಾಗಿಬಿಡುವುದಿಲ್ಲ. “ಅಣ್ಣಯ್ಯಂಗಾದ್ರೆ ಅಷ್ಟು ಜೋಪಾನ, ನಂಗಾದ್ರೆ ಸೌದೆ ಹಾರೋದು,” ಅಂದೆ.

“ಯಾರು ಹೊತ್ರೂ ಅಷ್ಟೇ ಕಣಕ್ಕಯ್ಯ. ನನ್ನ ಗಂಡ ಇದ್ದಾಗ ಊರಗೌಡನ ಭುಜದ ನೋವು ಹೊತ್ತಿದ್ದ. ಆ ಗೌಡ ಮನಸು ಬಂದಾಗೆಲ್ಲ ಬಾವೀಲಿ ನೀರು ಸೇದೋನು, ಆಳು ಇದ್ರೂನುವೆ. ನನ್ನ ಗಂಡ ಕೈ ಹಿಡ್ಕಂಡು ಗೋಡೆಗೆ ಒರಗ್ತಿದ್ದ. ಅದನ್ನ ನೋಡಿದೋಳು ನಾನು.” ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಳು ಏನಲ್ಲ, ಬಿಸಿಲಲ್ಲಿ ಬಂದ ಬೆವರು.

ನನಗೆ ಕೇಳಲು ಒಂದು ಮಾತಿತ್ತು. ಅಷ್ಟು ದಿನದಿಂದ ಗಂಟಲಲ್ಲಿ ಮುಳ್ಳಾಗಿ ನಿಂತದ್ದು. “ಆವತ್ತು ದೋಣೀಲಿ ಏನು ಕತೆ ಹೇಳ್ತಿದ್ದೆ?”

ತಿಬ್ಬಮ್ಮ ಕಣ್ಣರಳಿಸಿದಳು. “ಅದಾ? ಅಯ್ಯೋ, ನನ್ನ ಮದುವೆ ಮಾತುಕತೆ.”

ಹೇಳಿದಳು. ಅವಳನ್ನು ನೋಡಲು ಗಂಡಿನ ಕಡೆಯ ಸೋದರಮಾವ ಬಂದಿದ್ದನಂತೆ. ಭಾರಿ ಬಿಗುಮಾನದ ಮನುಷ್ಯ. ಅವರ ಕಡೆಯ ಪದ್ಧತಿ ಏನೆಂದರೆ, ಬಂದ ಹಿರಿಯ ಒಲ್ಲೆ ಅನ್ನುವುದಾದರೆ ಕೂತಲ್ಲೇ ಮೂರು ಸಲ ಒಲ್ಲೆ ಅನ್ನಬೇಕು. ಮಾತಿನ ನಡುವೆ ಎದ್ದನೋ, ಒಪ್ಪಿದ ಹಾಗೆ. ಮನೆಯಲ್ಲಿ ಮಣೆಯಿರಲಿಲ್ಲ. ಅಂಗಳದಲ್ಲಿ ಬೋರಲು ಹಾಕಿದ್ದ ಕುಕ್ಕೆಯ ಮೇಲೆ ಕಂಬಳಿ ಹಾಸಿ ಕೂರಿಸಿದರು. ಆವತ್ತಿನ ಸಾರಿಗೆಂದು ಹಿಡಿದಿಟ್ಟ ಹುಂಜ ಆ ಕುಕ್ಕೆಯ ಕೆಳಗೇ ಇತ್ತು. ಮುಚ್ಚಿಟ್ಟ ಅಜ್ಜಿ ಅದನ್ನು ಮರೆತು, ಹುಂಜ ಓಡಿಹೋಯಿತೆಂದು ಕೇರಿಯೆಲ್ಲ ಹುಡುಕಲು ಹೊರಟಿದ್ದಳು. ಇತ್ತ ಮಾವ ಮೀಸೆ ತಿರುವಿ, “ಒಲ್ಲೆ” ಅಂದ. ಕೆಳಗಿನಿಂದ ಹುಂಜ ಕೂಗಿತು. ಯಾರಿಂದ ಬಂತು ಈ ಸದ್ದು ಎಂದು ಎಲ್ಲರೂ ಮಾವನ ಮುಖ ನೋಡಿದರು. ಮಾವ ಬೆವರಿದ. ಎರಡನೆಯ ಸಲ, “ಒಲ್ಲೆ.” ಮತ್ತೆ ಕೂಗಿತು.

ತಿಬ್ಬಮ್ಮ ಕತೆ ಹೇಳುವುದನ್ನು ನೀವು ನೋಡಬೇಕು. ಮಾವನ ಮೀಸೆ, ಹುಂಜನ ಕತ್ತು, ಅಜ್ಜಿಯ ಓಟ, ಎಲ್ಲ ಆ ಸುಟ್ಟ ಹುಬ್ಬಿನ ಮುಖದಲ್ಲೇ ಬಂದುಹೋಗುತ್ತಿತ್ತು. ನಾನು ನಗಬಾರದೆಂದು ಕೆನ್ನೆಯನ್ನು ಒಳಗಿನಿಂದ ಕಚ್ಚಿ ಹಿಡಿದಿದ್ದೆ. ಹಿಡಿತ ತಪ್ಪಿತು.

“ಮೂರನೇ ಸಲ ಬಾಯಿ ತೆಗೆದ,” ಅಂದಳು ತಿಬ್ಬಮ್ಮ. “ಇಲ್ಲಿಗೆ ಬಂದಿತ್ತು ಕತೆ, ಕಾಲು ಸಿಕ್ಕಾಕ್ಕಂತು. ಕೊನೆ ಹೇಳಲೇ ಇಲ್ಲ. ಅಣ್ಣಯ್ಯ ಈಗ ಕಡವಲ್ಲೂ ಕೇಳಿದ್ರು, ಆಮ್ಯಾಲೇನಾಯ್ತು ತಿಬ್ಬಮ್ಮ ಅಂತ. ಇರಿ, ಅಕ್ಕಯ್ಯನ್ನ ನೋಡ್ಕಂಡು ಬತ್ತೀನಿ ಅಂದೆ.”

ನನ್ನ ಬೆನ್ನು ನೆಟ್ಟಗಾಯಿತು. “ಅವನು ಕೊನೆ ಕೇಳಿಲ್ವಾ?”

“ಇಲ್ಲ.”

“ನಂಗೆ ಹೇಳು.”

ಹೇಳಿದಳು. ಬೀಸುಕಲ್ಲಿನ ಮೇಲೆ ತಲೆಯಿಟ್ಟು ನಕ್ಕೆ, ಪಕ್ಕದ ಮನೆಯ ಮುದುಕಿ ಗಾಬರಿಯಾಗಿ ಬಂದು ನೋಡಿ ಹೋದಳು. ನಗು ನಿಂತ ಮೇಲೆ ತಿಬ್ಬಮ್ಮನ ಕೈ ಹಿಡಿದು ಅಂದೆ: “ಅವನಿಗೆ ಹೇಳ್ಬ್ಯಾಡ.”

“ಕೇಳ್ತಾರಲ್ಲಕ್ಕಯ್ಯ.”

“ಮರ್ತೋಯ್ತು ಅನ್ನು.”

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. “ಆಗ್ಲಿ, ಮರ್ತೋಯ್ತು,” ಅಂದಳು.

ಆವತ್ತು ಸಂಜೆ ಮರಿಯಣ್ಣ ಬಂದವನೇ, “ಬಂದಿದ್ಲಂತೆ. ಏನಂದ್ಲು?” ಅಂದ. ಸಾರಿಗೆ ಏನು ಹಾಕಿದ್ದೇನೆಂದು ಕೇಳಲಿಲ್ಲ, ಬೀಡಿ ಹುಡುಕಲಿಲ್ಲ. ನನ್ನ ಎದುರು ಕುಕ್ಕರಗಾಲಲ್ಲಿ ಕೂತು ನನ್ನ ಬಾಯನ್ನೇ ನೋಡುತ್ತಿದ್ದ. “ಏನಿಲ್ಲ, ಹೆಂಗಸರ ಮಾತು,” ಎಂದು ನಾನು ನಿಧಾನವಾಗಿ ಅನ್ನ ಬಡಿಸಿದೆ. ಎಷ್ಟೋ ವರ್ಷಕ್ಕೆ ನನ್ನ ಮಾತಿಗಾಗಿ ಕಾದ ಮುಖ ಅದು. ಅದನ್ನು ಅಷ್ಟು ಬೇಗ ಮುಗಿಸಿಬಿಡುವುದೇ?

ಆಮೇಲಿನ ದಿನಗಳಲ್ಲಿ ಬೆಳಿಗ್ಗೆ ಹೊಸಲ ಮೇಲೆ ಕೂರುವುದು ರೂಢಿಯಾಯಿತು. ಅವಳು ಏಳುತ್ತಿದ್ದಳು, ಹಿಮ್ಮಡಿ, ಹೊರಅಂಚು, ಬೆರಳು. ಈಗ ಅದು ನನಗೆಂದೇ ಇಟ್ಟ ಹೆಜ್ಜೆ. ನನಗೆಂದು ಅಷ್ಟು ಮೆತ್ತಗೆ ಈ ಭೂಮಿಯ ಮೇಲೆ ಯಾರೂ ನಡೆದದ್ದಿಲ್ಲ. ಕೆಲವು ದಿನ, ಒಲೆಯ ಮುಂದೆ ನಿಂತವಳು ನೆನಪಾದಂತೆ ಪಾದವನ್ನು ಎತ್ತಿ ಮೂಟೆಯ ಮೇಲಿಟ್ಟಾಗ, “ಆಯ್ತು, ಇಳಿಸೇ, ಸೊಂಟ ಹಿಡಿದೀತು” ಎಂದು ಇಲ್ಲಿಂದಲೇ ಗೊಣಗುತ್ತಿದ್ದೆ.

ಮೂಳೆ ಕೂಡಿತು. ಯಾರೂ ಬಂದು ಹೇಳಬೇಕಾಗಿರಲಿಲ್ಲ. ಒಂದು ಬೆಳಿಗ್ಗೆ ಹಾಲಿನವನು ಬಂದುಹೋದ, ಬಿಸಿಲು ಹೊಸಲಿಗೆ ಬಂತು, ನನ್ನ ಕಾಲಿಗೆ ಏನೂ ಬರಲಿಲ್ಲ. ಎದ್ದಳೋ ಇಲ್ಲವೋ, ಒಲೆ ಹಚ್ಚಿದಳೋ ಇಲ್ಲವೋ, ಒಂದೂ ತಿಳಿಯಲಿಲ್ಲ. ಬೆರಳು ಮಡಿಸಿದೆ, ಬಿಚ್ಚಿದೆ. ಹಾಗೆ ಮಾಡುತ್ತಿರುವಾಗ ಕೊಪ್ಪರಿಗೆಯ ಪಕ್ಕ ಮರಿಯಣ್ಣ ನಿಂತಿದ್ದ ರೀತಿ ನೆನಪಾಗಿ, ಎದ್ದು, ಸೆರಗು ಸಿಕ್ಕಿಸಿಕೊಂಡು ಮೇಲಿನ ಬೀದಿಗೆ ನಡೆದೆ. ಸುಮ್ಮನೆ ಎದ್ದಿದ್ದಾಳೋ ಎಂದು ನೋಡಿ ಬರೋಣವೆಂದು.

ಎದ್ದಿದ್ದಳು. ಬಾಣಲೆಯಲ್ಲಿ ಪುರಿ ಚಟಪಟ ಅರಳುತ್ತಿತ್ತು. ಎದುರಿಗೆ ಹೂವು ಕಟ್ಟುವ ಸಿದ್ದಿ ಮೂಟೆಯ ಮೇಲೆ ಆರಾಮಾಗಿ ಕೂತು, ಹೂವಿನ ಬುಟ್ಟಿ ಮರೆತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕೂತದ್ದು ತಿಬ್ಬಮ್ಮ ನನಗೆಂದು ಪಾದ ಇಡುತ್ತಿದ್ದ ಮೂಟೆಯ ಮೇಲೆ. ತಿಬ್ಬಮ್ಮ ಜಾಲರಿ ಎತ್ತಿ ಹಿಡಿದು, “ಎರಡನೇ ಸಲಾನೂ ಕೂಗ್ತಾ? ಮಾವ ಮೂರನೇ ಸಲ ಬಾಯಿ ತೆಗೆದ ಕಣೇ ಸಿದ್ದಿ, ತೆಗೆದು—”

ಹಳೆಯ ಉರಿ ಅಡಿಯಿಂದ ಮುಡಿಯವರೆಗೆ ಎದ್ದುಬಂತು. ಗಂಡನ ದೆಸೆಯಿಂದ ಕೂಡ ಇಷ್ಟು ಉರಿದಿರಲಿಲ್ಲ.

“ಹುಂಜ ಕೆಳಗಿಂದ ಕುಕ್ತು, ಮಾವ ಅಯ್ಯಪ್ಪಾ ಅಂತ ಎದ್ದ, ಎದ್ರು ಒಪ್ಪಿದ್ರು ಅಂತ ಅಜ್ಜ ವೀಳ್ಯ ಕೊಟ್ಬುಟ್ರು, ಹುಂಜನ್ನ ಕೊಯ್ಯದೆ ಮದುವೆ ಹೆಣ್ಣಿನ ಜೊತೇಲೆ ಗಂಡನ ಮನೆಗೆ ಕಳಿಸಿದ್ರು,” ಎಂದು ಹೊಸಲು ದಾಟುವ ಮೊದಲೇ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಸಿದ್ದಿಯ ನಗು ಅರ್ಧಕ್ಕೆ ನಿಂತಿತು. “ಹೋಗಕ್ಕ, ಕೊನೇನೆ ಕೆಡಿಸ್ಬುಟ್ಟೆ,” ಎಂದು ಬುಟ್ಟಿ ಎತ್ತಿಕೊಂಡು, ಮುಖ ಊದಿಸಿಕೊಂಡು ಹೊರಟುಹೋದಳು. ಬಾಣಲೆಯ ಪುರಿ ಸ್ವಲ್ಪ ಕರಟಿತು. ತಿಬ್ಬಮ್ಮ ನನ್ನನ್ನೂ ಸಿದ್ದಿ ಎದ್ದುಹೋದ ಮೂಟೆಯನ್ನೂ ನೋಡಿದಳು. ಆಮೇಲೆ ಕಾಲಿನಿಂದ, ಈಗ ನೆಟ್ಟಗೆ, ಭಾರವಾಗಿ ನೆಲಕ್ಕೆ ಊರಬಲ್ಲ ಕಾಲಿನಿಂದ, ಆ ಮೂಟೆಯನ್ನು ನನ್ನ ಕಡೆ ತಳ್ಳಿದಳು.

“ಕೂತ್ಕೊ ಅಕ್ಕಯ್ಯ. ಇನ್ನೊಂದು ಕತೆ ಐತೆ. ಅದನ್ನ ಯಾರಿಗೂ ಹೇಳಿಲ್ಲ.”

ಕೂತೆ. ಈಗಲೂ ಸಂತೆಯ ದಿನ ಅವಳು ದೋಣಿ ಹತ್ತಿದರೆ ಮರಿಯಣ್ಣ ಕೇಳುತ್ತಾನಂತೆ, ಮೂರನೇ ಸಲ ಬಾಯಿ ತೆಗೆದ ಮೇಲೆ ಏನಾಯಿತು ಎಂದು. ಅವಳು, ಮರ್ತೋಯ್ತು ಅಣ್ಣಯ್ಯ, ಅನ್ನುತ್ತಾಳೆ. ಕಡವು ಬಂದಾಗ ಅವನು ತಪ್ಪದೆ ಕೂಗುತ್ತಾನೆ.